ಅಲೈನರ್ ಹಾಕ್ಕೊಂಡೇ ಕಾಫಿ ಕುಡಿದ್ರೆ?

ಪ್ರಶ್ನೆ: ಡಾಕ್ಟ್ರೇ, ನಂಗೆ 26 ವರ್ಷ. ಹಲ್ಲು ಸರಿಮಾಡೋಕೆ ಹಾಕೋ ಪಾರದರ್ಶಕ ಪ್ಲಾಸ್ಟಿಕ್ ಕವಚ, ಅದೇ ಕ್ಲಿಯರ್ ಅಲೈನರ್, ಹಾಕಿಸ್ಕೊಂಡು ಐದು ತಿಂಗಳಾಯ್ತು. ದಿನಕ್ಕೆ 22 ಗಂಟೆ ಹಾಕಿರ್ಬೇಕು ಅಂದಿದಾರೆ, ಆಫೀಸಲ್ಲಿ ಪ್ರತಿ ಸಲ ತೆಗೆಯೋಕೆ ಬೇಜಾರಾಗಿ ಹಾಕ್ಕೊಂಡೇ ಕಾಫಿ ಕುಡೀತೀನಿ. ಈಗ ಮೇಲಿನ ಹಲ್ಲುಗಳಲ್ಲಿ ವಸಡಿನ ಹತ್ರ ಸುಣ್ಣ ಮೆತ್ತಿದಂಗೆ ಬಿಳಿ ಮಚ್ಚೆ ಕಾಣ್ತಿದೆ. ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಎನಾಮಲ್ (ಹಲ್ಲಿನ ಮೇಲಿನ ಗಟ್ಟಿ ಪದರ) ಸವೆದುಹೋಯ್ತಾ? ಎಳನೀರಾದ್ರೂ ಹಾಕ್ಕೊಂಡೇ ಕುಡೀಬಹುದಾ?

ಉತ್ತರ: ಪ್ಲಾಸ್ಟಿಕ್ಕಿನ ಮೇಲೆ ನಂಗೇನೂ ಅನುಮಾನ ಇಲ್ಲ, ಅನುಮಾನ ಇರೋದು ಕಾಫಿಗೆ ಹಾಕೋ ಸಕ್ಕರೆ ಮೇಲೆ. ಅಲೈನರ್ ಇಲ್ದಿದ್ರೆ ಎಂಜಲೇ ಹಲ್ಲನ್ನ ತೊಳೆದು ಅರ್ಧ ಮುಕ್ಕಾಲು ಗಂಟೇಲಿ ಆಸಿಡ್ ಕಮ್ಮಿ ಮಾಡುತ್ತೆ, ಆದ್ರೆ ಅಲೈನರ್ ಹಾಕಿದ್ರೆ ಕಾಫಿ ಸಂದೀಲಿ ನುಗ್ಗಿ ಒಳಗೇ ಕೂರುತ್ತೆ, ಎಂಜಲು ಅಲ್ಲಿಗೆ ಸರಿಯಾಗಿ ಹೋಗೋದೇ ಇಲ್ಲ, ಬ್ಯಾಕ್ಟೀರಿಯಾ ಆ ಸಕ್ಕರೆ ತಿಂದು ಆಸಿಡ್ ಬಿಡ್ತಾನೇ ಇರುತ್ತೆ. ಪಿಎಚ್ (ಆಸಿಡ್ ಅಳತೆ, ಇದು ಇಳಿದಷ್ಟೂ ಆಸಿಡ್ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್‌ನಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟ್ ಕರಗೋಕೆ ಶುರು.

ಬಿಳಿ ಮಚ್ಚೆ ಬಹುಶಃ ಇದೇ, ಆದ್ರೆ ಪತ್ರ ನೋಡಿ ಖಚಿತವಾಗಿ ಹೇಳೋಕಾಗಲ್ಲ. ನೀವು ಕೋಲಾರದ ಕಡೆಯವ್ರಾಗಿದ್ರೆ ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅತಿಯಾಗಿದ್ದು ಬಂದ ಮಚ್ಚೇನೂ ಇರಬಹುದು. ಟ್ರೀಟ್‌ಮೆಂಟ್‌ಗೆ ಮುಂಚೆ ತೆಗೆದ ಫೋಟೋ ಕ್ಲಿನಿಕ್‌ನಲ್ಲಿ ಇರುತ್ತಲ್ಲ, ಅದ್ರ ಜೊತೆ ಹೋಲಿಸಿ ನೋಡಿ ಅನ್ನಿ. ಹೊಸದಾಗಿದ್ರೆ, ಗುಳಿ ಬೀಳೋ ಮುಂಚೆ ಸಿಕ್ಕಿರೋದೇ ಪುಣ್ಯ, ಕ್ಲಿನಿಕ್‌ನಲ್ಲಿ ಹಲ್ಲಿಗೆ ಬಳಿಯೋ ಫ್ಲೋರೈಡ್ ವಾರ್ನಿಶ್ ಹಚ್ಚಿದ್ರೆ ಅಲ್ಲಿಗೇ ತಡೀಬಹುದು. ಗುಳಿ ಬಿದ್ರೆ ಮಾತ್ರ ಎನಾಮಲ್ ಮತ್ತೆ ಬೆಳೆಯಲ್ಲ.

ಟ್ರೀಟ್‌ಮೆಂಟ್ ನಿಲ್ಲಿಸೋದೇನೂ ಬೇಡ. ಅಲೈನರ್ ತೆಗೆದು ಕಾಫೀನ ತಿಂಡಿ ಊಟದ ಜೊತೆಗೇ ಮುಗಿಸಿಬಿಡಿ, ಆಗ ದಿನಕ್ಕೆ ಅಲೈನರ್ ತೆಗೆದಿಡೋಕಿರೋ ಎರಡು ಗಂಟೆ ಲೆಕ್ಕ ತಪ್ಪಲ್ಲ. ಆಮೇಲೆ ಬ್ರಷ್ ಮಾಡಿ ಅಲೈನರ್ ಹಾಕ್ಕೊಳ್ಳಿ, ಆಫೀಸಲ್ಲಿ ಆಗ್ದಿದ್ರೆ ಬಾಯಿ ಚೆನ್ನಾಗಿ ಮುಕ್ಕಳಿಸಿ ಅಲೈನರ್‌ನೂ ತಣ್ಣೀರಲ್ಲಿ ತೊಳೀರಿ, ಬಿಸಿನೀರು ಬೇಡ, ಸೊಟ್ಟಗಾಗುತ್ತೆ (ಬಿಸಿ ಕಾಫಿಗೂ ಇದೇ ಮಾತು). ಆದ್ರೆ ನಿಂಬೆ ಪಾನಕ ಕುಡಿದ ತಕ್ಷಣ ಬ್ರಷ್ ಹಿಡೀಬೇಡಿ, ಹುಳಿಗೆ ಮೆತ್ತಗಾಗಿರೋ ಎನಾಮಲ್ ಆಗ್ಲೇ ಉಜ್ಜಿದ್ರೆ ಸವೆಯೋದು, ಅರ್ಧ ಗಂಟೆ ಬಿಡಿ. ಅಲೈನರ್ ಹಿಡಿದು ಕೂರಲಿ ಅಂತ ಹಲ್ಲಿಗೆ ಅಂಟಿಸಿರೋ ಪುಟ್ಟ ಉಬ್ಬುಗಳ, ಅಂದ್ರೆ ಅಟ್ಯಾಚ್‌ಮೆಂಟ್‌ಗಳ ಸುತ್ತ ಕೊಳೆ ಜಾಸ್ತಿ ನಿಲ್ಲುತ್ತೆ, ಅಲ್ಲಿ ನಿಧಾನವಾಗಿ ಉಜ್ಜಿ. ರಾತ್ರಿ ಫ್ಲೋರೈಡ್ ಪೇಸ್ಟಲ್ಲಿ ಉಜ್ಜಿ ಬರೀ ಉಗೀರಿ, ಬಾಯಿ ಮುಕ್ಕಳಿಸ್ಬೇಡಿ.

ಎಳನೀರಲ್ಲೂ ಸಕ್ಕರೆ ಇದೆ ಕಣಮ್ಮಾ, ಅದನ್ನೂ ಅಲೈನರ್ ತೆಗೆದೇ ಕುಡೀರಿ. ಹಾಕ್ಕೊಂಡು ಕುಡಿಯೋಕೆ ಬರೀ ನೀರು.