ಹಿಪ್ ಫ್ರ್ಯಾಕ್ಚರ್: ಗಾರ್ಡನ್, ಇವಾನ್ಸ್, ಎಓ ಇವುಗಳಲ್ಲಿ ಯಾವುದನ್ನು ನಂಬಿ ಆಪರೇಷನ್ ನಿರ್ಧರಿಸಬೇಕು?

ಪಿಜಿ ಮಾಡುವಾಗ ಇದೇ ಪ್ರಶ್ನೆ ಹಿಡಿದು ಸೀನಿಯರ್‌ಗಳ ಹಿಂದೆ ಅಲೆದವನು ನಾನು. ಸೊಂಟದ ಮುರಿತವನ್ನು ವಿಂಗಡಿಸುವ ಈ ಮೂರೂ ಪದ್ಧತಿಗಳು ಬಾಯಿಪಾಠವಾಗಿದ್ದವು. ಆದರೂ ಒಬ್ಬ ಅಜ್ಜಿ ಎರಡು ಸಲ ಥಿಯೇಟರ್‌ಗೆ ಹೋಗಬೇಕಾಯಿತು.

ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಕಾಲು ಮುಟ್ಟಿದರೆ ಚೀರುತ್ತಿದ್ದರು. ಪಾದ ಹೊರಕ್ಕೆ ವಾಲಿದ್ದ ಹಾಗೇ ಎಕ್ಸ್‌ರೇ ತೆಗೆಸಿ, ಕೇಸ್‌ಶೀಟಿನಲ್ಲಿ 'ಇಂಟರ್‌ಟ್ರೊಕ್ಯಾಂಟರಿಕ್, ಸ್ಟೇಬಲ್' ಎಂದು ಬರೆದೆ, ಅಂದರೆ ತೊಡೆ ಎಲುಬಿನ ಮೇಲ್ತುದಿಯ ಎರಡು ಉಬ್ಬುಗಳ ನಡುವಿನ, ಕೂರಿಸಿದರೆ ನಿಲ್ಲುವಂಥ ಮುರಿತ. ಡಿಎಚ್‌ಎಸ್ (ಜಾರುವ ಸ್ಕ್ರೂ, ಜೊತೆಗೆ ಬದಿಗೊಂದು ಪ್ಲೇಟು) ಹಾಕಿದೆವು. ಎಡವಿದ್ದು ಆ ಫಿಲ್ಮ್‌ನಲ್ಲೇ. ಕಾಲು ಹೊರಕ್ಕೆ ತಿರುಗಿದ್ದರೆ ಫೀಮರ್‌ನ (ತೊಡೆ ಎಲುಬಿನ) ಕುತ್ತಿಗೆ ಗಿಡ್ಡವಾಗಿ ಕಾಣುತ್ತದೆ, ಒಳಬದಿಯ ಸಣ್ಣ ಉಬ್ಬಾದ ಲೆಸ್ಸರ್ ಟ್ರೊಕ್ಯಾಂಟರ್ ಎದ್ದು ನಿಲ್ಲುತ್ತದೆ, ತುಂಡುಗಳು ಒಂದರ ಮೇಲೊಂದು ಬಿದ್ದು ಮುರಿದ ಗೆರೆ ಎತ್ತ ಓಡಿದೆ ಅನ್ನೋದೇ ಮುಚ್ಚಿಹೋಗುತ್ತದೆ. ನಿಜಕ್ಕೂ ಅದು ರಿವರ್ಸ್ ಆಬ್ಲಿಕ್ (ಉಲ್ಟಾ ಓರೆಯ ಮುರಿತ), ಎಓ ಲೆಕ್ಕದಲ್ಲಿ 31ಎ3. ಗೆರೆ ಒಳಬದಿಯ ಮೇಲಿನಿಂದ ಹೊರಬದಿಯ ಕೆಳಕ್ಕೆ ಇಳಿದಿತ್ತು. ಮಾಮೂಲಿ ಮುರಿತದಲ್ಲಿ ಡಿಎಚ್‌ಎಸ್ ಸ್ಕ್ರೂ ಜಾರಿದಷ್ಟೂ ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಇಲ್ಲಿ ಸ್ಕ್ರೂ ಜಾರುವ ದಾರಿ ಹೆಚ್ಚುಕಡಿಮೆ ಗೆರೆಯ ದಿಕ್ಕಿನಲ್ಲೇ ಇರುತ್ತದೆ. ಒತ್ತಡ ಬೀಳುವುದಿಲ್ಲ, ಕೆಳಗಿನ ಎಲುಬು ಒಳಕ್ಕೆ ಸರಿಯುತ್ತದೆ. ಅಜ್ಜಿಗೂ ಹಾಗೇ ಸರಿದು, ಸ್ಕ್ರೂ ಫೀಮರ್ ತಲೆಯನ್ನು ಸೀಳಿಕೊಂಡು ಹೊರಬಂತು. ಮೊದಲೇ ಪಿಎಫ್‌ಎನ್ (ಎಲುಬಿನ ಟೊಳ್ಳಿನೊಳಗೆ ಕೂರುವ ನೇಲ್) ಹಾಕಬೇಕಿತ್ತು. ಮೇಯೋ ಕ್ಲಿನಿಕ್ 2001ರಲ್ಲಿ ಪ್ರಕಟಿಸಿದ ಸರಣಿಯಲ್ಲಿ ಇಂಥ ಮುರಿತಕ್ಕೆ ಸ್ಲೈಡಿಂಗ್ ಹಿಪ್ ಸ್ಕ್ರೂ (ಡಿಎಚ್‌ಎಸ್ ಜಾತಿಯದ್ದೇ) ಹಾಕಿದ 16ರಲ್ಲಿ 9 ವಿಫಲವಾಗಿದ್ದವು.

ಹಾಗಾಗಿ 'ಯಾವುದನ್ನು ನಂಬಲಿ' ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮುರಿತ ಕ್ಯಾಪ್ಸೂಲ್‌ನ (ಕೀಲನ್ನು ಸುತ್ತಿದ ಚೀಲದ) ಒಳಗೋ ಹೊರಗೋ, ಅದನ್ನು ಮೊದಲು ನೋಡಿ. ಒಳಗಾದರೆ ಫೀಮರ್ ತಲೆಗೆ ಹೋಗುವ ರಕ್ತದ್ದೇ ಚಿಂತೆ. ಗಾರ್ಡನ್ 1961ರಲ್ಲಿ ನಾಲ್ಕು ಹಂತ ಮಾಡಿದರು ನಿಜ, ಆದರೆ ಒಂದೇ ಫಿಲ್ಮ್‌ಗೆ ಇಬ್ಬರು ಡಾಕ್ಟರು ಎರಡು ನಂಬರ್ ಹೇಳುತ್ತಾರೆ. ಸರಿದಿದೆಯೋ ಇಲ್ಲವೋ, ಅಷ್ಟು ಸಾಕು. ಸರಿಯದಿದ್ದರೆ ಸಾಮಾನ್ಯವಾಗಿ ಸ್ಕ್ರೂ. ಸರಿದಿದ್ದು ವಯಸ್ಸೂ ಆಗಿದ್ದರೆ ಕೀಲು ಬದಲಿ. ಹರೆಯದವರಾದರೆ ತಲೆ ಉಳಿಸಲು ಹೆಣಗಲೇಬೇಕು. ಅಲ್ಲಿ ಪಾವೆಲ್ಸ್ ಕೋನ, ಅಂದರೆ ಮುರಿದ ಗೆರೆ ಎಷ್ಟು ಕಡಿದಾಗಿದೆ ಅನ್ನೋ ಅಳತೆ, ಕೆಲಸಕ್ಕೆ ಬರುತ್ತದೆ. ಹೊರಗಾದರೆ ಗೆರೆಯ ದಿಕ್ಕು, ಆಮೇಲೆ ಎಲುಬಿನ ಹೊರಗೋಡೆ ನೋಡಿ. 2018ರ ಎಓ ಪರಿಷ್ಕರಣೆಯಲ್ಲಿ ಆ ಗೋಡೆಯ ದಪ್ಪ 20.5 ಮಿ.ಮೀ.ಗೆ ಇಳಿದರೆ ಮುರಿತವನ್ನು ಎ2, ಅಂದರೆ ಹೊರಗೋಡೆಯನ್ನು ನೆಚ್ಚಲಾಗದ ಗುಂಪು, ಅನ್ನುತ್ತಾರೆ.

ಇದೆಲ್ಲ ಕಾಣಬೇಕಾದರೆ ಎಕ್ಸ್‌ರೇ ರೂಮಿಗೆ ನೀವೇ ಹೋಗಿ. ನೋವಿಗೆ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಕೊಡಿ, ಲೆಡ್ ಏಪ್ರನ್ ಹಾಕಿಕೊಳ್ಳಿ, ಕಾಲನ್ನು ಮೆಲ್ಲಗೆ ಎಳೆದು ಒಳಕ್ಕೆ ತಿರುಗಿಸಿ ಹಿಡಿದು ಇನ್ನೊಂದು ಫಿಲ್ಮ್ ತೆಗೆಸಿ. ಲ್ಯಾಟರಲ್ (ಪಕ್ಕದಿಂದ ತೆಗೆಯುವ ಫಿಲ್ಮ್) ಕೂಡ ಬಿಡಬೇಡಿ. ಅಲ್ಲಿಯವರೆಗೆ ಕೇಸ್‌ಶೀಟಿನಲ್ಲಿ ಯಾವ ಹೆಸರನ್ನೂ ಬರೆಯಬೇಡಿ.