ಕಲೆ ಯಾವುದರದ್ದು ಅಂತ ಮೊದಲು ನೋಡಿ

ಮನೆಯಲ್ಲಿ ಹೋಗದೆ ಕಾಡುವ ಕಲೆಗಳ ಬಗ್ಗೆ ಬರೆಯಿರಿ ಅಂತ ಹೋದ ತಿಂಗಳು ಕೇಳಿದ್ದೆ. ಪತ್ರಗಳು ತುಂಬಾ ಬಂದವು. ಅದರಲ್ಲಿ ಬೋರ್‌ವೆಲ್ ನೀರಿನ ಬಿಳಿ ಕಲೆಯದ್ದೇ ಜಾಸ್ತಿ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ, ಮತ್ತು ಅದಕ್ಕೇ ಸ್ವಲ್ಪ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಅಕ್ಕಾ, ಬೆಂಗಳೂರಿನಲ್ಲಿ ನಮ್ಮದು ಬಾಡಿಗೆ ಮನೆ, ಪೂರ್ತಿ ಬೋರ್‌ವೆಲ್ ನೀರು. ನಲ್ಲಿ, ಶವರ್, ಬಚ್ಚಲಿನ ಟೈಲ್ಸ್ ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟಿದೆ. ಸೋಪು, ಪಾತ್ರೆ ತಿಕ್ಕುವ ಪುಡಿ ಎಲ್ಲ ಹಾಕಿ ಉಜ್ಜಿದ್ದಾಯಿತು. ನಮ್ಮ ಯಜಮಾನರು ಆಸಿಡ್ ತಂದು ಸುರಿದರೆ ಮುಗೀತು ಅನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ನನಗೆ ಭಯ. ಬೇರೆ ದಾರಿ ಇದೆಯಾ?

ಉತ್ತರ: ಇದೆ ತಂಗಿ. ಆಸಿಡ್ ಖಂಡಿತ ತರಿಸಬೇಡಿ.

ಆ ಬಿಳಿ ಪೊರೆ ಕೊಳೆ ಅಲ್ಲ, ಒಂದು ಥರದ ಕಲ್ಲು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಆರಿ ಹೋಗುತ್ತದೆ, ಅವು ಅಲ್ಲೇ ಕೂತು ಗಟ್ಟಿಯಾಗುತ್ತವೆ. ದಿನಾ ಒಂದೊಂದು ಪದರ. ಅದಕ್ಕೆ ಸೋಪು ಹಾಕಿದರೆ ಪ್ರಯೋಜನ ಇಲ್ಲ, ಗಡಸು ನೀರಿನ ಜೊತೆ ಸೋಪು ಸೇರಿ ಇನ್ನೊಂದು ಬೂದು ಬಣ್ಣದ ಜಿಡ್ಡು ಪೊರೆ ಕಟ್ಟುತ್ತದೆ ಅಷ್ಟೇ. ಸುಣ್ಣದ ಜಾತಿಯ ಈ ಕಲೆ ಕರಗುವುದು ಹುಳಿಗೆ.

ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ, ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ. ಸಕ್ಕರೆ ಹರಳಿನ ಹಾಗೆ ಇರುತ್ತದೆ. ಒಂದು ಲೀಟರ್ ಬಿಸಿ ನೀರಿಗೆ ಎರಡು ಮೂರು ದೊಡ್ಡ ಚಮಚ ಹಾಕಿ ಕರಗಿಸಿ. ಹಳೇ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಬಟ್ಟೆ ಬಿಚ್ಚಿದಾಗ ಗಟ್ಟಿ ಪೊರೆ ಮೆತ್ತಗಾಗಿರುತ್ತದೆ, ಉಗುರಿನಲ್ಲಿ ಕೆರೆದರೂ ಬರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಜಾಸ್ತಿ ನೀರು ಹಾಕಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಶವರ್ ಬಿಚ್ಚಲು ಬಂದರೆ ಬಿಚ್ಚಿ ಮಗ್ಗಿನಲ್ಲಿ ಮುಳುಗಿಸಿಡಿ, ತೂತಿನಿಂದ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಅದು ಕಲ್ಲು ಕರಗುವ ಗುರುತು. ಬಿಚ್ಚಲು ಬರದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಈ ನೀರು ತುಂಬಿ ಶವರ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ.

ವರ್ಷಗಟ್ಟಲೆ ಕೂತ ಪೊರೆ ಒಂದೇ ಸಲಕ್ಕೆ ಹೋಗುವುದಿಲ್ಲ. ವಾರಕ್ಕೊಮ್ಮೆ ಮಾಡಿ, ಮೂರು ನಾಲ್ಕು ವಾರ ಬೇಕಾಗಬಹುದು. ರಾತ್ರಿಯಿಡೀ ಮಾತ್ರ ಬಿಡಬೇಡಿ, ನಲ್ಲಿಯ ಹೊಳಪು ಹೋದೀತು. ಟೈಲ್ಸ್ ನಡುವಿನ ಸಂದಿಯಲ್ಲಿ ಇರುವುದು ಸಿಮೆಂಟು, ಹುಳಿ ಅದನ್ನೂ ಸ್ವಲ್ಪ ತಿನ್ನುತ್ತದೆ, ಅದಕ್ಕೆ ಮೊದಲು ಸಂದಿಗೆ ಬರೀ ನೀರು ಕುಡಿಸಿ, ಆಮೇಲೆ ನಿಂಬೆ ಉಪ್ಪಿನ ನೀರು ಹಾಕಿ ಹತ್ತು ನಿಮಿಷಕ್ಕೆ ತೊಳೆದುಬಿಡಿ. ಬಚ್ಚಲು ತೊಳೆಯುವ ಆಸಿಡ್ ಆದರೆ ಆ ಸಂದಿಯನ್ನೇ ಕಿತ್ತು ಹಾಕುತ್ತದೆ. ಆಮೇಲೆ ಟೈಲ್ಸ್ ಹಿಂದೆ ನೀರು ಇಳಿದರೆ ಮನೆ ಮಾಲೀಕರು ಅಡ್ವಾನ್ಸ್‌ನಲ್ಲಿ ಹಿಡಿಯುವುದು ನಿಮ್ಮ ದುಡ್ಡು.

ನಿಂಬೆ ಉಪ್ಪು ಅಂದ ಮಾತ್ರಕ್ಕೆ ಕಣ್ಣಿಗೆ ಬಿದ್ದರೆ ಪರವಾಗಿಲ್ಲ ಅಂತಲ್ಲ. ಉರಿಯುತ್ತದೆ. ಕೈಗವಸು ಹಾಕಿಕೊಳ್ಳಿ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದು ಮಗುವಿಗೆ ಎಟುಕದ ಕಡೆ ಇಡಿ, ಸಕ್ಕರೆ ಡಬ್ಬಿಯ ಪಕ್ಕ ಬೇಡ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಬ್ಲೀಚಿಂಗ್ ಪೌಡರ್ ಹಾಕಿದ ನೆಲದ ಮೇಲೆ ಆಸಿಡ್ ಆಗಲಿ, ವಿನೆಗರ್ ಆಗಲಿ, ಈ ನಿಂಬೆ ಉಪ್ಪೇ ಆಗಲಿ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಹಲವು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಇದು ಆಗಿದೆ. ಬೆಳಿಗ್ಗೆ ನಾನು ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಉದುರಿಸಿದ್ದೆ. ಕೆಲಸಕ್ಕೆ ಬರುವ ಅಕ್ಕನಿಗೆ ಅದನ್ನು ಹೇಳದೆ ಆಸಿಡ್ ಬಾಟಲಿ ಕೈಗೆ ಕೊಟ್ಟೆ. ಎರಡೇ ನಿಮಿಷ. ಬಾಗಿಲು ತಳ್ಳಿಕೊಂಡು ಹೊರಗೆ ಬಂದವರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಿಂತರು, ಕೆಮ್ಮು ನಿಲ್ಲುತ್ತಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಸಂಜೆ ಹೊತ್ತಿಗೆ ಸುಧಾರಿಸಿಕೊಂಡರು. ತಪ್ಪು ಪೂರ್ತಿ ನನ್ನದು. ಆಸಿಡ್ ತರುವುದು ನಾವು, ಮೂರಡಿ ಬಚ್ಚಲಿನಲ್ಲಿ ಕೂತು ಅದರ ಹೊಗೆ ಕುಡಿಯುವುದು ಅವರು, ಅಲ್ವಾ? ಅವತ್ತಿನಿಂದ ನಮ್ಮ ಮನೆಗೆ ಆಸಿಡ್ ಬಂದಿಲ್ಲ.

ಪ್ರಶ್ನೆ: ಮೇಡಂ, ನಾನು ಕಲಬುರಗಿಯಿಂದ. ನಮ್ಮ ಮನೆಗೆ ಶಹಾಬಾದ್ ಕಲ್ಲು ಹಾಸಿದೆ, ಪೂಜಾಮನೆಗೆ ಮಾತ್ರ ಬಿಳಿ ಮಾರ್ಬಲ್. ದೀಪದ ಎಣ್ಣೆ ಕಲೆ ಹೋಗಲಿ ಅಂತ ಒಂದು ವಿಡಿಯೋ ನೋಡಿ ನಿಂಬೆಹಣ್ಣು, ಉಪ್ಪು ಹಾಕಿ ಮಾರ್ಬಲ್ ಉಜ್ಜಿದೆ. ಎಣ್ಣೆ ಕಲೆ ಹಾಗೇ ಇದೆ, ಉಜ್ಜಿದ ಕಡೆ ಹೊಳಪು ಹೋಗಿ ಮಂಕಾಗಿದೆ. ನಿಂಬೆಹಣ್ಣು ಒಳ್ಳೆಯದು ಅನ್ನುತ್ತಾರಲ್ಲ?

ಉತ್ತರ: ಮೇಲೆ ಬೆಂಗಳೂರಿನವರಿಗೆ ಹೇಳಿದ ಮಾತನ್ನೇ ತಿರುಗಿಸಿ ಓದಿ. ನಲ್ಲಿಯ ಬಿಳಿ ಪೊರೆ ಮತ್ತು ನಿಮ್ಮ ಮಾರ್ಬಲ್ ಎರಡೂ ಮುಖ್ಯವಾಗಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ್ ಕಲ್ಲು, ಕಡಪ ಕಲ್ಲು ಕೂಡ ಸುಣ್ಣದ ಕಲ್ಲುಗಳೇ. ಅಲ್ಲಿ ಪೊರೆ ಕರಗಿಸಿದ ಹುಳಿ ಇಲ್ಲಿ ನೆಲವನ್ನೇ ಕರಗಿಸಿತು. ಮಂಕಾದ ಜಾಗ ಕಲೆ ಅಲ್ಲ, ಕಲ್ಲಿನ ಮೇಲ್ಮೈ ಸವೆದದ್ದು. ಯಾವ ಕ್ಲೀನರ್ ಹಾಕಿದರೂ ಹೊಳಪು ವಾಪಸ್ ಬರುವುದಿಲ್ಲ, ಪಾಲಿಶ್ ಮಾಡುವವರನ್ನೇ ಕರೆಸಬೇಕು. ಬೇಜಾರಿನ ಸುದ್ದಿ, ಆದರೆ ಇನ್ನೂ ಉಜ್ಜಿ ಜಾಸ್ತಿ ಮಾಡಿಕೊಳ್ಳಬೇಡಿ. ಶಹಾಬಾದ್ ಕಲ್ಲಿಗೂ ನಿಂಬೆ, ಹುಣಸೆ, ವಿನೆಗರ್ ತಾಗಿಸಬೇಡಿ.

ಎಣ್ಣೆ ಕಲೆಗೆ ಬೇರೆಯೇ ಉಪಾಯ. ಎಣ್ಣೆ ಕಲ್ಲಿನ ಒಳಗೆ ಇಳಿದಿದೆ, ಉಜ್ಜಿದರೆ ಬರುವುದಿಲ್ಲ, ಮೇಲಕ್ಕೆ ಎಳೆಯಬೇಕು. ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಬೆರಳು ದಪ್ಪ ಹಚ್ಚಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗ ಅದು ಎಣ್ಣೆ ಹೀರಿಕೊಳ್ಳುತ್ತದೆ. ಮರದ ಸಟ್ಟುಗದಲ್ಲಿ ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಲೆ ತೆಳುವಾಗಿದ್ದರೆ ಇನ್ನೊಮ್ಮೆ ಮಾಡಿ.

ದಿನಾ ಒರೆಸಲು ಅಂಟುವಾಳ ಕಾಯಿ ನೀರು ಸಾಕು. ಕೆಲವು ಕಡೆ ಇದಕ್ಕೆ ನೊರೆಕಾಯಿ ಅನ್ನುತ್ತಾರೆ. ಹದಿನೈದು ಇಪ್ಪತ್ತು ಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಿವುಚಿ ಸೋಸಿ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ, ಹೊರಗೆ ಇಟ್ಟರೆ ಎರಡು ದಿನಕ್ಕೆ ವಾಸನೆ ಬರುತ್ತದೆ. ಅರ್ಧ ಬಕೆಟ್ ನೀರಿಗೆ ಒಂದು ಲೋಟ ಹಾಕಿಕೊಳ್ಳಿ. ಜಿಡ್ಡು ತೆಗೆಯುತ್ತದೆ, ಕಲ್ಲಿಗೆ ತೊಂದರೆ ಇಲ್ಲ. ಆದರೆ ಇದು ರೋಗಾಣು ಕೊಲ್ಲುವ ಔಷಧಿ ಅಲ್ಲ. ಮನೆಯಲ್ಲಿ ವಾಂತಿ ಭೇದಿ ಇದ್ದಾಗ ಇದನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಅಡುಗೆ ಸೋಡಾ, ವಿನೆಗರ್ ಸೇರಿಸಿದರೆ ನೊರೆ ಉಕ್ಕಿ ಎಲ್ಲ ಕಲೆ ಹೋಗುತ್ತದೆ ಅಂತ ಎಲ್ಲರೂ ತೋರಿಸುತ್ತಾರೆ. ನಾನು ಮಾಡಿದರೆ ಏನೂ ಆಗಲಿಲ್ಲ. ಅಳತೆ ತಪ್ಪಾಯಿತಾ? (ದಾವಣಗೆರೆ)

ಉತ್ತರ: ಅಳತೆ ತಪ್ಪಿಲ್ಲ. ಒಂದು ಕ್ಷಾರ, ಒಂದು ಹುಳಿ. ಎರಡೂ ಸೇರಿದರೆ ಒಂದರ ಶಕ್ತಿ ಇನ್ನೊಂದು ಕಳೆಯುತ್ತದೆ. ನೊರೆ ನೋಡಲು ಚೆಂದ, ಉಳಿಯುವುದು ಒಂಥರಾ ಉಪ್ಪು ನೀರು. ಎರಡನ್ನೂ ಬೇರೆ ಬೇರೆ ಬಳಸಿ: ಜಿಡ್ಡಿಗೆ, ಟೀ ಲೋಟದ ಕಂದು ಕಲೆಗೆ, ತಳ ಹತ್ತಿದ ಪಾತ್ರೆಗೆ ಸೋಡಾ, ನೀರಿನ ಬಿಳಿ ಕಲೆಗೆ ವಿನೆಗರ್. ಹಾಲು ತಳ ಹತ್ತಿದ ಸ್ಟೀಲ್ ಪಾತ್ರೆಗೆ ಕಲೆ ಮುಳುಗುವಷ್ಟು ನೀರು, ಒಂದು ಚಮಚ ಸೋಡಾ ಹಾಕಿ ಐದು ನಿಮಿಷ ಕುದಿಸಿ ರಾತ್ರಿ ಬಿಡಿ, ಬೆಳಿಗ್ಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಬೇಡ, ಕಪ್ಪಾಗುತ್ತದೆ. ಕಪ್ಪಾದ ಕುಕ್ಕರ್‌ನಲ್ಲಿ ಹುಣಸೆಹಣ್ಣಿನ ನೀರು ಕುದಿಸಿ.

ಪ್ರಶ್ನೆ: ಮಗನ ಬಿಳಿ ಅಂಗಿಯ ಮೇಲೆ ಸಾಂಬಾರ್ ಬಿತ್ತು. ಹಳದಿ ಕಲೆಗೆ ಸೋಪು ಹಚ್ಚಿದ ತಕ್ಷಣ ಕೆಂಪಾಯಿತು. ಅಂಗಿ ಕೆಟ್ಟೇ ಹೋಯಿತಾ ಅಕ್ಕಾ? (ಮೈಸೂರು)

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ಆರತಿಗೆ ಅರಿಸಿನದ ನೀರಿಗೆ ಚೂರು ಸುಣ್ಣ ಹಾಕಿ ಕೆಂಪು ಮಾಡುತ್ತೀರಲ್ಲ, ಒಗೆಯುವ ಕಲ್ಲಿನ ಮೇಲೆ ಆದದ್ದೂ ಅದೇ. ಅರಿಸಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಸೋಪಿನಲ್ಲಿ ಕ್ಷಾರ ಇದೆ. ಚೆನ್ನಾಗಿ ಜಾಲಿಸಿ, ಕೊನೆಯ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಮತ್ತೆ ಹಳದಿಗೆ ತಿರುಗುತ್ತದೆ. ಸಾಂಬಾರಿನ ಎಣ್ಣೆ ತೆಗೆಯಲು ಸೋಪು ಬೇಕೇ ಬೇಕು, ಹಾಗಾಗಿ ನೀವು ಮಾಡಿದ್ದು ಸರಿಯೇ.

ಉಳಿದ ಹಳದಿಗೆ ಬಿಸಿಲೇ ಒಳ್ಳೆ ಮದ್ದು. ಅರಿಸಿನದ ಬಣ್ಣ ಬೆಳಕು ತಡೆಯುವುದಿಲ್ಲ. ಅಂಗಿಯನ್ನು ಒದ್ದೆ ಇರುವಾಗಲೇ ಕಲೆ ಸೂರ್ಯನಿಗೆ ಕಾಣುವ ಹಾಗೆ ಹರಡಿ, ಒಣಗಿದರೆ ನೀರು ಚಿಮುಕಿಸಿ. ಎರಡು ಮೂರು ದಿನ ಒಳ್ಳೆ ಬಿಸಿಲು ಬಿದ್ದರೆ ಹುಡುಕಿದರೂ ಸಿಗುವುದಿಲ್ಲ. ಇದು ಬಿಳಿ ಹತ್ತಿ ಬಟ್ಟೆಗೆ. ರೇಷ್ಮೆ ಸೀರೆಗೆ ಸೋಪು, ನಿಂಬೆ, ಬಿಸಿಲು ಮೂರೂ ಬೇಡ, ಡ್ರೈ ಕ್ಲೀನಿಂಗ್‌ಗೇ ಕೊಡಿ.

ಹಾಸಿಗೆ ಬಟ್ಟೆಯ ಮೇಲಿನ ರಕ್ತದ ಕಲೆ ಬಗ್ಗೆ ಸುಮಾರು ಜನ ಹುಡುಗಿಯರು ಹೆಸರು ಬರೆಯದೆ ಕೇಳಿದ್ದೀರಿ. ಕೇಳಲು ಸಂಕೋಚ ಯಾಕೆ? ತಣ್ಣೀರಿನಲ್ಲಿ ಮಾತ್ರ ನೆನೆಸಿ, ಆಮೇಲೆ ಸೋಪು. ಬಿಸಿನೀರು ತಾಗಿದರೆ ಮೊಟ್ಟೆ ಬೆಂದ ಹಾಗೆ ರಕ್ತ ದಾರದಲ್ಲೇ ಗಟ್ಟಿಯಾಗಿ ಕೂರುತ್ತದೆ.

ಪ್ರಶ್ನೆ: ನಾವು ಪುತ್ತೂರಿನ ಕಡೆಯವರು. ಹಲಸಿನಹಣ್ಣಿನ ಮೇಣ ಮಕ್ಕಳ ಬಟ್ಟೆಗೆ, ಕತ್ತಿಗೆ ಎಲ್ಲ ಅಂಟುತ್ತದೆ. ಅತ್ತೆ ಸೀಮೆಎಣ್ಣೆ ಹಾಕಿ ಎನ್ನುತ್ತಾರೆ. ಮತ್ತೆ ಬಾಳೆಯ ಕಲೆಗೆ ಏನಾದರೂ ಇದೆಯಾ?

ಉತ್ತರ: ಸೀಮೆಎಣ್ಣೆಗೆ ಮೇಣ ಬಿಡುವುದು ನಿಜ, ಅತ್ತೆ ಹೇಳಿದ್ದು ತಪ್ಪಲ್ಲ. ಆದರೆ ಮಕ್ಕಳಿರುವ ಮನೆಯಲ್ಲಿ ಅದು ನೀರಿನ ಬಾಟಲಿಯಲ್ಲಿ ಕೂತಿರುತ್ತದೆ, ಮಕ್ಕಳು ನೀರು ಅಂದುಕೊಂಡು ಕುಡಿಯುತ್ತಾರೆ. ನಿಮ್ಮ ಅಡುಗೆಮನೆಯ ತೆಂಗಿನೆಣ್ಣೆಯೇ ಸಾಕು. ಮೇಣಕ್ಕೆ ನೀರು ಆಗುವುದಿಲ್ಲ, ಎಣ್ಣೆ ಆಗುತ್ತದೆ. ಬಟ್ಟೆಯ ಮೇಲೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬೆರಳಿನಲ್ಲಿ ಉರುಟಿ, ಮೇಣ ಎಳೆ ಎಳೆಯಾಗಿ ಎದ್ದು ಬರುತ್ತದೆ. ಉಳಿದ ಎಣ್ಣೆಗೆ ಸೋಪು. ಕತ್ತಿಗೆ, ಕೈಗೆ ಹಣ್ಣು ಕೊಯ್ಯುವ ಮೊದಲೇ ಎಣ್ಣೆ ಸವರಿಕೊಂಡರೆ ಈ ಕೆಲಸವೇ ಇರುವುದಿಲ್ಲ.

ಬಾಳೆಯ ಕಲೆಗೆ ಸುಳ್ಳು ಹೇಳುವುದಿಲ್ಲ. ರಸ ಬಿದ್ದ ಕೂಡಲೇ, ಇನ್ನೂ ಬಣ್ಣ ಇಲ್ಲದಿರುವಾಗಲೇ ನೀರು, ಸೋಪು ಹಾಕಿ ತೊಳೆದರೆ ಉಳಿದೀತು. ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗಿತು ಅಂದರೆ ದಾರದೊಳಗೇ ಸೇರಿಕೊಂಡಿರುತ್ತದೆ. ನಿಂಬೆ, ಸೋಡಾ, ಬಿಸಿಲು ಎಲ್ಲ ಮಾಡಿ ನೋಡಿದ್ದೇನೆ, ಸ್ವಲ್ಪ ಮಾಸುತ್ತದೆ, ಹೋಗುವುದಿಲ್ಲ. ಉಜ್ಜಿ ಉಜ್ಜಿ ಬಟ್ಟೆ ಹರಿಯಬೇಡಿ. ಆ ಅಂಗಿಯನ್ನು ಮಡಚಿ ಬೇರೆ ಇಟ್ಟು, ಮುಂದಿನ ಸಲ ಗೊನೆ ಕಡಿಯಲು ಹೋಗುವಾಗ ಅದನ್ನೇ ಹಾಕಿಕೊಳ್ಳಿ.