ಚಿಂತಾಮಣಿ ಹುಡುಗನಿಗೆ ಸಬ್‌ಮರೀನ್ ದಾರಿ
ಸರ್, ಚಿಂತಾಮಣಿಯಲ್ಲಿ ಪಿಯುಸಿ ಓದುತ್ತಿರುವ ಮಗ ಮುಂದೆ ಸಬ್‌ಮರೀನ್ ನಡೆಸುವ ಅಧಿಕಾರಿ ಆಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗಬಹುದು. ಸಮುದ್ರದ ಪಕ್ಕವೇ ಹುಟ್ಟಿರಬೇಕು ಅಂತೇನಿಲ್ಲ.

ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯಲಿ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ರ‍್ಯಾಂಕ್ ಮೇಲೆ ಸಂದರ್ಶನಕ್ಕೆ ಕರೆದು ಕೇರಳದ ಎಳಿಮಲದ ನೌಕಾ ಅಕಾಡೆಮಿಗೆ ಸೇರಿಸಿಕೊಳ್ಳುವ ದಾರಿಯೂ ಇದೆ. ಆದರೆ ಆಫೀಸರ್ ಆದ ತಕ್ಷಣ ಸಬ್‌ಮರೀನ್ ಸಿಗುವುದಿಲ್ಲ. ಮೊದಲು ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನ ಎಂಬ ನೌಕಾಪಡೆಯ ಸಬ್‌ಮರೀನ್ ತರಬೇತಿ ಕೇಂದ್ರದಲ್ಲಿ ತರಬೇತಿ. ಆಮೇಲೆ ಸಬ್‌ಮರೀನ್ ಒಳಗೇ ಇದ್ದು ಒಂದೊಂದು ಪೈಪು, ವಾಲ್ವು ಕಲಿತು ಪಾಸಾದರೆ ಮಾತ್ರ ಎದೆ ಮೇಲೆ ಸಬ್‌ಮರೀನ್ ಸಿಬ್ಬಂದಿಯ ಗುರುತಾದ ಡಾಲ್ಫಿನ್ ಬ್ಯಾಡ್ಜ್. ಅಡುಗೆಯವರೂ ಇದನ್ನೆಲ್ಲ ಕಲಿಯಬೇಕು, ನನಗೆ ತುಂಬಾ ಗೌರವ ಹುಟ್ಟಿಸಿದ ವಿಷಯ ಇದು. ನೀರಿನಡಿ ಒಬ್ಬರು ತಪ್ಪಿದರೆ ಎಲ್ಲರ ಜೀವಕ್ಕೂ ಅಪಾಯ ಅಲ್ವಾ?

ಸಬ್‌ಮರೀನ್ ಪೂರ್ತಿ ಕೈಗೆ ಬರುವುದು ಸಾಮಾನ್ಯವಾಗಿ ಕಮಾಂಡರ್ ದರ್ಜೆಯಲ್ಲಿ, ಎಷ್ಟೋ ವರ್ಷದ ಸರ್ವಿಸ್ ಆದಮೇಲೆ. ಸಬ್‌ಮರೀನ್ ಅಧಿಕಾರಿಯಾಗಿದ್ದ ವಿ. ಎಸ್. ಶೇಖಾವತ್ 1993ರಲ್ಲಿ ಇಡೀ ನೌಕಾಪಡೆಯ ಮುಖ್ಯಸ್ಥರೇ ಆದರು.

ಸದ್ಯಕ್ಕೆ ಫಿಸಿಕ್ಸ್, ಮ್ಯಾಥ್ಸ್ ಗಟ್ಟಿ ಮಾಡಿಸಿ. ಕಣ್ಣಿನ ಪರೀಕ್ಷೆಯನ್ನೂ ಈಗಲೇ ಮಾಡಿಸಿಬಿಡಿ.